ಕುರ್ಚಿ ಹೊತ್ತು ತಂದವರಿಗೆ

ಮೊನ್ನೆ ಭಾನುವಾರ ನಮ್ಮ ಸಾಕ್ಷ್ಯಚಿತ್ರದ ಮೊದಲ ಪ್ರದರ್ಶನ ಮುಗಿಯಿತು. ಮೂರು ವರ್ಷದ ಕೆಲಸ. ಮೈಕ್ ಕೈಗೆ ಬಂದಾಗ ಗಂಟಲು ಕಟ್ಟಿತು, ಏನೂ ಹೇಳಲಾಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಬರಲಾಗದವರಿಗೆ ಎರಡು ಮಾತು. ನಮ್ಮ ಚಿತ್ರ ಇರುವುದು 'ಸಾಲ್ಟ್ ಆಫ್ ದಿ ಅರ್ಥ್' ಎಂಬ 1954ರ ಅಮೆರಿಕದ ಸಿನಿಮಾ ಮಾಡಿದವರ ಬಗ್ಗೆ. ನಿರ್ದೇಶಕ ಹರ್ಬರ್ಟ್ ಬೈಬರ್‌ಮನ್, ಕಥೆ ಬರೆದ ಮೈಕಲ್ ವಿಲ್ಸನ್, ನಿರ್ಮಾಪಕ ಪಾಲ್ ಜಾರಿಕೊ. ಮೂವರನ್ನೂ ಕಮ್ಯುನಿಸ್ಟರೆಂದು ಹಾಲಿವುಡ್ ಹೊರಗೆ ಹಾಕಿತ್ತು. ಸಂಸತ್ ಸಮಿತಿಯ ಪ್ರಶ್ನೆಗೆ ಉತ್ತರ ಕೊಡಲಿಲ್ಲ ಅಂತ ಬೈಬರ್‌ಮನ್ ಜೈಲಿಗೂ ಹೋಗಿ ಬಂದಿದ್ದರು. ಅಂಥವರು ನ್ಯೂ ಮೆಕ್ಸಿಕೊದ ಸತುವಿನ ಗಣಿ ಕೆಲಸಗಾರರ ಹತ್ತಿರ ಹೋದರು. ಅಲ್ಲಿ 1950ರಿಂದ 15 ತಿಂಗಳು ಮುಷ್ಕರ ನಡೆದಿತ್ತು. ಮುಷ್ಕರ ಹೂಡಿದ ಕೆಲಸಗಾರರು ಗಣಿಯ ಗೇಟಿನ ಮುಂದೆ ನಿಲ್ಲಬಾರದು ಅಂತ ಕೋರ್ಟು ಆದೇಶ ಕೊಟ್ಟಾಗ, ಅವರ ಹೆಂಡತಿಯರು ಬಂದು ನಿಂತರು. ಸಿನಿಮಾದ ಕಥೆ ಅದೇ. ನಟಿಸಿದವರಲ್ಲಿ ಹೆಚ್ಚಿನವರು ಆ ಊರಿನ ಜನವೇ.

ನಾಯಕಿ ಮಾತ್ರ ಮೆಕ್ಸಿಕೊದ ನಟಿ, ರೊಸೌರಾ ರೆವುವೆಲ್ತಾಸ್. ಶೂಟಿಂಗ್ ಮುಗಿಯುವ ಮೊದಲೇ ವಲಸೆ ಇಲಾಖೆ ಅವರನ್ನು ಬಂಧಿಸಿತು. ಉಳಿದ ದೃಶ್ಯಗಳಿಗೆ ಡೂಪ್ ಹಾಕಬೇಕಾಯಿತು. ಆಮೇಲೆ ಹಲವು ಲ್ಯಾಬುಗಳು ರೀಲು ತೊಳೆಯಲು ಒಪ್ಪಲಿಲ್ಲ, ಪ್ರೊಜೆಕ್ಟರ್ ನಡೆಸುವ ಹಲವರು ಓಡಿಸಲು ಒಪ್ಪಲಿಲ್ಲ.

ಸಿನಿಮಾದ ಶುರುವಿನಲ್ಲೇ ಬಸುರಿ ಹೆಂಗಸೊಬ್ಬಳು ಸೌದೆ ಒಡೆದು, ಬೆಂಕಿ ಹಾಕಿ, ನೀರು ಕಾಯಿಸಿ ಬಟ್ಟೆ ಒಗೆಯುತ್ತಾಳೆ. ಮನೆಗೆ ಬಿಸಿನೀರು ಬೇಕು ಅನ್ನುವುದು ಹೆಂಗಸರ ಬೇಡಿಕೆ. ಅದು ಆಮೇಲೆ ನೋಡೋಣ ಅನ್ನುವುದು ಗಂಡಸರ ಉತ್ತರ. ನಮ್ಮಜ್ಜಿ ಹಂಡೆ ಒಲೆ ಊದುತ್ತಾ ಕಣ್ಣೊರೆಸಿಕೊಳ್ಳುತ್ತಿದ್ದುದು ನೆನಪಾಗಿ, ಆ ದೃಶ್ಯವನ್ನು ನಾನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ.

ಈಗ ಧನ್ಯವಾದ. ಮೊದಲು ನಮ್ಮ ದೊಡ್ಡಮ್ಮನಿಗೆ. 2016ರ ಏಪ್ರಿಲ್‌ನಲ್ಲಿ ಪಿಎಫ್ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ರಸ್ತೆಗೆ ಇಳಿದರಲ್ಲ, ಆ ಗುಂಪಿನಲ್ಲಿ ಇವರೂ ಇದ್ದರು. ನಾನು 'ಪಿಕೆಟಿಂಗ್' ಅಂತ ಬರೆದಿದ್ದೆ. "ಗೇಟಿಗೆ ಕೂರೋದು ಅನ್ನು, ಸಾಕು" ಅಂದರು. ಇಡೀ ನಿರೂಪಣೆಯನ್ನು ಹಾಗೇ ತಿದ್ದಿಕೊಟ್ಟರು.

ಪ್ರದರ್ಶನಕ್ಕೆ ಎರಡು ದಿನ ಇದೆ ಅನ್ನುವಾಗ ಬುಕ್ ಮಾಡಿದ್ದ ಸಭಾಂಗಣ ಕೈಕೊಟ್ಟಿತು. ಕಾರಣ ಹೇಳಲಿಲ್ಲ. ಅವತ್ತು ರಾತ್ರಿ ಊಟ ಸೇರಲಿಲ್ಲ. ಬೆಳಗ್ಗೆ ಶಾಮಿಯಾನದ ಅಣ್ಣ ಫೋನ್ ಮಾಡಿ, ಅವರ ಗೋಡೌನನ್ನೇ ಖಾಲಿ ಮಾಡಿಕೊಟ್ಟರು. ಎಂಬತ್ತು ಕುರ್ಚಿ. ಬಾಡಿಗೆ ಕೇಳಲಿಲ್ಲ. ಹೊತ್ತು ತಂದ ಹುಡುಗರು ಕೊನೇವರೆಗೂ ಹಿಂದೆ ನಿಂತೇ ನೋಡಿದರು. ನಿಮ್ಮೆಲ್ಲರ ಹೆಸರು ಟೈಟಲ್ ಕಾರ್ಡಿಗೆ ಸೇರಿಸುತ್ತಿದ್ದೇನೆ, ಬೇಡ ಅನ್ನಬೇಡಿ. 'ಸಾಲ್ಟ್ ಆಫ್ ದಿ ಅರ್ಥ್' ಬರೆದ ವಿಲ್ಸನ್, ಮುಂದೆ 'ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್' ಸಿನಿಮಾ ಬರೆದವರಲ್ಲೂ ಒಬ್ಬರು. ಪರದೆ ಮೇಲೆ ಅವರ ಹೆಸರಿರಲಿಲ್ಲ, ಆಸ್ಕರ್ ಬೇರೆಯವರ ಹೆಸರಿಗೆ ಹೋಯಿತು. ಆಸ್ಕರ್ ಕೊಡುವ ಅಕಾಡೆಮಿ ಅದನ್ನು ಸರಿಮಾಡುವಷ್ಟರಲ್ಲಿ ಅವರು ತೀರಿಕೊಂಡಿದ್ದರು. ಈ ಭಾಗ ಎಡಿಟ್ ಮಾಡುವಾಗಲೇ ನಿಶ್ಚಯಿಸಿದ್ದೆ, ನಮ್ಮಲ್ಲಿ ಒಂದು ಹೆಸರೂ ಬಿಟ್ಟುಹೋಗಬಾರದು ಅಂತ.

ಕೊನೆಗೆ, ಮುಂದಿನ ಸಾಲಿನಲ್ಲಿ ಟಿಫನ್ ಡಬ್ಬಿ ಮಡಿಲಲ್ಲಿಟ್ಟು ಕೂತಿದ್ದ ಅಕ್ಕನಿಗೆ. ದೀಪ ಹಾಕಿದ ಮೇಲೂ ನೀವು ಏಳಲಿಲ್ಲ. "ಆಯಮ್ಮನ ಹೆಸರು ಇನ್ನೊಂದ್ಸಲ ಹೇಳಿ" ಅಂದಿರಿ. ಬಸ್ ಟಿಕೆಟ್ಟಿನ ಹಿಂದೆ ಬರೆದುಕೊಂಡಿರಿ. ರೊಸೌರಾ.