ಮಲ್ಪೆಯ ಬೋಟಿನ ಮೇಲೆ ಹೆಸರು ಬರೆಯುವವರಿಗೆ

ಮೊನ್ನೆ ನಮ್ಮ ಕೊನೆಯ ವರ್ಷದ ಪ್ರದರ್ಶನ ಮುಗಿಯಿತು. ಗ್ರಾಫಿಕ್ ಡಿಸೈನ್ ಓದು ಅಲ್ಲಿಗೆ ಮುಗಿದ ಹಾಗೆ. ನಾನು ಇಟ್ಟದ್ದು ಒಂದು ಕನ್ನಡ ಫಾಂಟ್. ಮಲ್ಪೆ ಬಂದರಿನ ಮೀನುಗಾರಿಕೆ ಬೋಟುಗಳ ಮೇಲಿನ ಕೈಬರಹವನ್ನು ನೋಡಿ ಮಾಡಿದ್ದು. ಬಂದವರೆಲ್ಲ ನನ್ನನ್ನೇ ಹೊಗಳಿದರು. ಆದರೆ ಇದರಲ್ಲಿ ಪಾಲಿರುವವರು ತುಂಬಾ ಜನ. ಅವರಿಗೆ ಎಲ್ಲರ ಎದುರು ಥ್ಯಾಂಕ್ಸ್ ಹೇಳದೆ ನನಗೆ ಸಮಾಧಾನ ಇಲ್ಲ.

ಮೊದಲು ಪೇಂಟರ್ ಅಣ್ಣನಿಗೆ. ಹೆಸರು ಹಾಕುವುದು ಬೇಡ ಎಂದಿದ್ದಾರೆ, ಹಾಕುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ, ಅಲ್ವಾ? ಬೋಟಿನ ರಿಪೇರಿ, ಬಣ್ಣ, ಹೆಸರು ಬರೆಯುವುದು ಎಲ್ಲ ಆಗಲೇ. ಮಳೆ ಬಿಟ್ಟ ಹೊತ್ತು ನೋಡಿ ಅವರು ಕೆಲಸಕ್ಕೆ ಇಳಿಯುತ್ತಾರೆ. ಸುಮ್ನೆ ದೂರದಲ್ಲಿ ನಿಂತು ನೋಡುತ್ತಿದ್ದ ನನ್ನನ್ನು ತುಳುವಿನಲ್ಲೇ ಕರೆದು ಹತ್ತಿರ ಕೂರಿಸಿಕೊಂಡರು.

ಅವರು ಮೊದಲು ಸೀಮೆಸುಣ್ಣ ಹಚ್ಚಿದ ದಾರ ಎಳೆದು ಗೆರೆ ಹೊಡೆಯುತ್ತಾರೆ. ಆಮೇಲೆ ಎಲ್ಲ ಅಕ್ಷರಗಳ ದುಂಡು ಮೈ ಮಾತ್ರ ಬರೆಯುತ್ತಾರೆ. ತಲೆಕಟ್ಟು ಕೊನೆಗೆ. ಎಲ್ಲ ತಲೆಕಟ್ಟುಗಳನ್ನೂ ಒಂದೇ ಓಟದಲ್ಲಿ, ಬ್ರಷ್ ಹಿಡಿದ ಓರೆ ಬದಲಿಸದೆ ಹಾಕುತ್ತಾರೆ. ಅದಕ್ಕೇ ಅವರು ಬರೆದ ಹೆಸರು ಒಂದೇ ಉಸಿರಿನಲ್ಲಿ ಬರೆದಂತೆ ಕಾಣುವುದು. ಬೋಟಿನ ಮೂತಿ ಬಾಗಿರುವ ಕಡೆ ಅಕ್ಷರವನ್ನು ಸ್ವಲ್ಪ ಅಗಲ ಮಾಡುತ್ತಾರೆ. ದಕ್ಕೆಯಲ್ಲಿ, ಅಂದರೆ ಬೋಟು ತಂದು ಕಟ್ಟುವ ಕಟ್ಟೆಯಲ್ಲಿ, ನಿಂತು ನೋಡುವವರಿಗೆ ಆಗ ಸಮ ಕಾಣುತ್ತದೆ. ಬೋಟಿನ ಹೆಸರುಗಳಲ್ಲಿ ಲಕ್ಷ್ಮೀ, ದುರ್ಗಾ, ಶ್ರೀ ಜಾಸ್ತಿ. ಅಂದರೆ ಒತ್ತಕ್ಷರವೂ ಜಾಸ್ತಿ. ಬರೆಯಲು ಇರುವ ಪಟ್ಟಿಯೋ ಕಿರಿದು. 'ಕ್ಷ್ಮೀ'ಯ ಒತ್ತುಗಳನ್ನು ಕೆಳಗೆ ಇಳಿಯಬಿಡದೆ ಬಲಕ್ಕೆ ಒತ್ತಿ ಕೂರಿಸುವ ಅವರ ಜಾಣ್ಮೆಯನ್ನೇ ನನ್ನ ಫಾಂಟಿಗೂ ತಂದಿದ್ದೇನೆ. ದುರ್ಗಾದ ಅರ್ಕಾವತ್ತನ್ನು ಅವರು ಎಳೆಯುವ ರೀತಿಯಂತೂ ನನಗೆ ತುಂಬಾ ಇಷ್ಟ. ಇಡೀ ಫಾಂಟಿನಲ್ಲಿ ನಾನು ಹೆಚ್ಚು ಸಲ ತಿದ್ದಿದ್ದು ಅದನ್ನೇ.

ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯ ಹಳೆಯ ಮುದ್ರಣದ ಕಡೆ ನನ್ನ ಕಣ್ಣು ತಿರುಗಿಸಿದ ಮೇಡಂಗೆ ಥ್ಯಾಂಕ್ಸ್. 1843ರ ಜುಲೈ 1ರಂದು ಆ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಮಂಗಳೂರಿನಲ್ಲಿ 'ಮಂಗಳೂರ ಸಮಾಚಾರ' ಶುರು ಮಾಡಿದರು ಎಂದು ಶಾಲೆಯಲ್ಲೇ ಓದಿದ್ದೆ. ಅದು ಕಲ್ಲಚ್ಚಿನಲ್ಲಿ ಅಚ್ಚಾಗಿತ್ತು ಎಂಬುದರ ಕಡೆ ಗಮನ ಹೋಗಿರಲಿಲ್ಲ. ಕಲ್ಲಚ್ಚು ಎಂದರೆ ಸೀಸದ ಅಚ್ಚಿನ ಮೊಳೆ ಜೋಡಿಸುವುದಲ್ಲ, ಕೈಯಲ್ಲಿ ಬರೆದದ್ದೇ ಕಲ್ಲಿನಿಂದ ಕಾಗದಕ್ಕೆ ಬರುತ್ತದೆ. ಹಾಗಾದರೆ ಕನ್ನಡದ ಮೊದಲ ಪತ್ರಿಕೆಯ ಅಕ್ಷರಗಳೂ ಯಾರದೋ ಕೈಬರಹವೇ. ಇದನ್ನು ತಿಳಿದ ದಿನವೇ ದಕ್ಕೆಗೆ ಹೋಗಬೇಕು ಅನ್ನಿಸಿದ್ದು.

ಫಾಂಟಿಗೆ ಮೊದಲು ಯಕ್ಷಗಾನದ ಮುಖವರ್ಣಿಕೆಯ ಮೇಲೆ ಒಂದು ಪೋಸ್ಟರ್ ಸರಣಿ ಮಾಡಿದ್ದೆ. ಆಗ ಚೌಕಿಯೊಳಗೆ, ಅಂದರೆ ವೇಷ ಕಟ್ಟುವ ಕೋಣೆಯೊಳಗೆ, ಬಿಟ್ಟುಕೊಂಡ ಕಲಾವಿದರನ್ನು ಮರೆಯಲಾರೆ. ರಾಕ್ಷಸ ಪಾತ್ರಗಳ ಬಣ್ಣದ ವೇಷದವರು ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಚಿಟ್ಟಿ, ಅಂದರೆ ಉಬ್ಬಿದ ಬಿಳಿ ಚುಕ್ಕೆ, ಇಡುವಾಗ ಒಂದು ಚುಕ್ಕೆಗೂ ಇನ್ನೊಂದಕ್ಕೂ ಎಷ್ಟು ಜಾಗ ಬಿಡುತ್ತಾರೆ ಎಂದು ನೋಡುತ್ತಾ ಕೂರುತ್ತಿದ್ದೆ. ಅಕ್ಷರಗಳ ನಡುವಿನ ಜಾಗದ ಬಗ್ಗೆ ನನಗೆ ಬುದ್ಧಿ ಬಂದದ್ದು ಅಲ್ಲಿ. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳು ನನ್ನ ಮೇಜಿನ ಎದುರು ಇಡೀ ವರ್ಷ ಇದ್ದವು. ಕುಣಿತವನ್ನು ಅಷ್ಟು ಕಡಿಮೆ ಗೆರೆಗಳಲ್ಲಿ ಹಿಡಿದವರು ಅವರು.

ಕಂಪ್ಯೂಟರಿನ ಕಡೆಯ ಋಣವೂ ದೊಡ್ಡದೇ. ಮಂಗಳೂರು ಹತ್ತಿರದ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲೇ ನಾನು ದಿನವೂ ಕನ್ನಡ ಟೈಪ್ ಮಾಡುವುದು. ಫಾಂಟ್ ಮಾಡುವ ಸಂಸ್ಥೆ ಏಕ್ ಟೈಪ್‌ನವರ 'ಬಾಲೂ ತಮ್ಮ' ಮುಕ್ತ ಪರವಾನಗಿಯ ಫಾಂಟ್. ಅದರ ಕಡತ ಬಿಚ್ಚಿ ನೋಡಿಯೇ ಒತ್ತಕ್ಷರ ಜೋಡಿಸುವುದನ್ನು ಕಲಿತೆ. ವರ್ಣಮಾಲೆಯಲ್ಲಿ 49 ಅಕ್ಷರ ಇರಬಹುದು, ಕಾಗುಣಿತ, ಒತ್ತು ಎಲ್ಲ ಸೇರಿದರೆ ನೂರಾರು ಆಕಾರ ಬರೆಯಬೇಕು. ನನ್ನ ಲ್ಯಾಪ್‌ಟಾಪ್ ಕೆಟ್ಟಾಗ ತನ್ನದನ್ನು ಕೊಟ್ಟು, ತಾನು ಲ್ಯಾಬಿನಲ್ಲಿ ಕೂತು ಕೆಲಸ ಮಾಡಿದ ಗೆಳತಿಗೆ ಏನು ಹೇಳಲಿ?

ಅಮ್ಮ ಬೀಡಿ ಕಟ್ಟಿ ನನ್ನ ಫೀಸು ಕೊಟ್ಟವರು. ಪ್ರತಿ ಸಲ ಪ್ರಿಂಟ್ ತಂದಾಗ ಬೀಡಿಯ ತಟ್ಟೆ ಬದಿಗಿಟ್ಟು, ಹಾಳೆಯನ್ನು ದೂರ ಹಿಡಿದು ಓದುತ್ತಿದ್ದರು. "ಇದು ಪವಾ, ಷವಾ? ನನಗೆ ಗೊತ್ತಾಗ್ಲಿಲ್ಲ ಮಗಾ" ಎಂದದ್ದು ಅವರೇ. ಅಕ್ಷರ ದಪ್ಪವಾದಾಗ ಷದ ಒಳಗೀಟು ಮುಚ್ಚಿಹೋಗುತ್ತಿತ್ತು. ಆಮೇಲೆ ಅವರು ಓದಿ ಸರಿ ಅನ್ನದೆ ಯಾವ ಅಕ್ಷರವನ್ನೂ ನಾನು ಮುಗಿಸಲಿಲ್ಲ.

ಫಾಂಟ್ ಯಾರಿಗೆ ಬೇಕಾದರೂ ಕೊಡುತ್ತೇನೆ, ದುಡ್ಡು ಬೇಡ. ಯಕ್ಷಗಾನದ ಕರಪತ್ರಕ್ಕೆ, ಭಜನಾ ಮಂದಿರದ ಬ್ಯಾನರಿಗೆ, ಅಂಗಡಿ ಬೋರ್ಡಿಗೆ ಬಳಸಿ. ಬೋಟಿನ ಹೆಸರಿಗೆ ಮಾತ್ರ ಪೇಂಟರ್ ಅಣ್ಣನನ್ನೇ ಕರೆಯಿರಿ.