ಹಸಿರು ಶಾಲಿನ ಅಮ್ಮನಿಗೆ, ಮತ್ತೆ ಉಳಿದ ಎಲ್ಲರಿಗೆ

ಕಳೆದ ಭಾನುವಾರ ರಾತ್ರಿ 9 ಗಂಟೆ 20 ನಿಮಿಷಕ್ಕೆ ಹುಬ್ಬಳ್ಳಿಯಲ್ಲಿ ನನ್ನ 600 ಕಿಲೋಮೀಟರ್ ಸೈಕಲ್ ಸವಾರಿ ಮುಗಿಯಿತು. ಶನಿವಾರ ಬೆಳಿಗ್ಗೆ 6ಕ್ಕೆ ಹೊರಟಿದ್ದೆವು. ಗಡುವು 40 ಗಂಟೆ. ನನಗೆ 40 ನಿಮಿಷ ಉಳಿದಿತ್ತು. ನವೆಂಬರಿನಲ್ಲಿ 200, ಡಿಸೆಂಬರಿನಲ್ಲಿ 300, ಜನವರಿಯಲ್ಲಿ 400, ಈಗ ಇದು. ಒಂದೇ ಸೀಸನ್ನಿನಲ್ಲಿ ಈ ನಾಲ್ಕನ್ನೂ ಮುಗಿಸಿದವರನ್ನು ಸೂಪರ್ ರಾಂಡನರ್ ಅಂತ ಕರೆಯುತ್ತಾರೆ.

ಅವತ್ತಿನಿಂದ ಫೋನಿಗೆ ಶುಭಾಶಯ ಬರುತ್ತಲೇ ಇವೆ. ಎಲ್ಲರಿಗೂ ಒಂದೊಂದು ಸಾಲು ಬರೆದೆ. ಆದರೆ ಮೊದಲು ಯಾರಿಗೆ ಹೇಳಬೇಕಿತ್ತೋ ಅವರ ನಂಬರ್ ನನ್ನ ಹತ್ತಿರ ಇಲ್ಲ. ಹೆಸರೂ ಗೊತ್ತಿಲ್ಲ. ಅದಕ್ಕೇ ಎಲ್ಲರೂ ನೋಡುವ ಹಾಗೆ ಇಲ್ಲಿ ಬರೆಯುತ್ತಿದ್ದೇನೆ.

2023ರ ಜುಲೈ. ಕುಮಟಾದ ತವರುಮನೆಯಿಂದ ಶಿರಸಿಗೆ ಸೈಕಲ್ಲಿನಲ್ಲೇ ವಾಪಸ್ ಬರುತ್ತಿದ್ದೆ. ಸುಮಾರು 60 ಕಿಲೋಮೀಟರ್ ದಾರಿ, ಎಷ್ಟೋ ಸಲ ಓಡಾಡಿದ್ದು. ಕತಗಾಲ ದಾಟುವಾಗಲೇ ಮಳೆ ಹಿಡಿದಿತ್ತು. ಘಟ್ಟ ಹತ್ತಿ, ದೇವಿಮನೆ ಗುಡಿಗೆ ಕೈಮುಗಿದು ಮುಂದೆ ಬಂದೆ. ಒಂದು ಇಳಿಜಾರಿನ ತಿರುವಿನಲ್ಲಿ ರಸ್ತೆ ಅಂಚಿಗೆ ಪಾಚಿ ಕಟ್ಟಿತ್ತು. ಮುಂದಿನ ಚಕ್ರ ಜಾರಿತು. ಎಡಭುಜದ ಮೇಲೆ ಬಿದ್ದೆ. ಎದ್ದು ಕೂತಾಗ ಎಡಗೈ ನನ್ನ ಮಾತು ಕೇಳಲಿಲ್ಲ.

ಹಿಂದಿನಿಂದ ಕುಮಟಾ–ಶಿರಸಿ ಬಸ್ಸು ಬಂತು, ನಿಂತಿತು. ಕಂಡಕ್ಟರ್ ಮತ್ತೆ ಇಬ್ಬರು ಹುಡುಗರು ಸೇರಿ ಸೈಕಲ್ಲನ್ನು ಬಸ್ಸಿನೊಳಗೆ ಹಾಕಿದರು. ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿದರು. ಆ ಸೀಟಿನಲ್ಲಿ ಒಬ್ಬ ಅಮ್ಮ ಇದ್ದರು. ಅರವತ್ತರ ಆಸುಪಾಸು. ಕಾಲ ಬುಡದಲ್ಲಿ ಒಂದು ಚೀಲ ಕೆಸುವಿನ ಸೊಪ್ಪು. ನನ್ನ ಕೈಯನ್ನು ಒಮ್ಮೆ ನೋಡಿದರು. ಹೊದ್ದಿದ್ದ ಹಸಿರು ಶಾಲು ತೆಗೆದು, ಮಡಚಿ, ನನ್ನ ಕೈಯ ಕೆಳಗೆ ಹಾಕಿ, ಕುತ್ತಿಗೆಗೆ ಗಂಟು ಕಟ್ಟಿದರು. "ನಮ್ಮ ಮಾಣಿ ಅಡಿಕೆ ಕೊನೆ ಕೊಯ್ಲಿಕ್ಕೆ ಹೋಗಿ ಮರದಿಂದ ಬಿದ್ದಾಗ ಹೀಗೇ ಕಟ್ಟಿದ್ದೆ. ಹೆದ್ರಬೇಡ ತಂಗಿ, ಎಲುಬು ಕೂಡ್ತದೆ" ಅಂದರು.

ಅವರ ಟಿಕೆಟ್ ಇದ್ದದ್ದು ರಾಗಿಹೊಸಳ್ಳಿಗೆ. ಅಲ್ಲಿ ಬಸ್ಸು ನಿಂತಾಗ ಅವರು ಇಳಿಯಲಿಲ್ಲ. ಶಿರಸಿಯವರೆಗೂ ನನ್ನ ಬೆನ್ನಿಗೆ ಕೈ ಕೊಟ್ಟು ಕೂತರು. ಪ್ರತಿ ಗುಂಡಿಗೂ ಮೊದಲೇ "ಈಗ ಕುಲುಕ್ತದೆ" ಅಂತ ಹೇಳುತ್ತಿದ್ದರು. ಆಸ್ಪತ್ರೆಗೂ ಬಂದರು. ನಮ್ಮನೆಯವರು ಬಂದ ಮೇಲೆ ಕೊನೆಯ ಬಸ್ಸು ತಪ್ಪುತ್ತದೆ ಅಂತ ಹೊರಟರು. ಆ ಗಡಿಬಿಡಿಯಲ್ಲಿ ಹೆಸರು ಕೇಳಲಿಲ್ಲ. ಶಾಲು ನನ್ನ ಕುತ್ತಿಗೆಯಲ್ಲೇ ಉಳಿಯಿತು.

ಕಾಲರ್ ಬೋನ್ ಮುರಿದಿತ್ತು. ಸೈಕಲ್ಲಿನಿಂದ ಬಿದ್ದವರಿಗೆ ಮುರಿಯುವುದು ಜಾಸ್ತಿ ಅದೇ. ಕೈಯೂರಿದರೂ ಸರಿ, ಭುಜ ಬಡಿದರೂ ಸರಿ, ಪೆಟ್ಟೆಲ್ಲ ಆ ಸಣ್ಣ ಎಲುಬಿಗೇ ಹೋಗುತ್ತದೆ. ಪ್ಲೇಟ್ ಮತ್ತು ಸ್ಕ್ರೂ ಹಾಕಿದರು. ಆಮೇಲಿನ ದಿನಗಳನ್ನು ನಾನು ಅತ್ತೆಯ ಕೈಯಿಂದಲೇ ನೆನಪಿಟ್ಟುಕೊಂಡಿದ್ದೇನೆ. ಎಡಗೈ ಮೇಲೆತ್ತಲು ಬರುತ್ತಿರಲಿಲ್ಲ. ಹಾಗಾಗಿ ದಿನಾ ಬೆಳಿಗ್ಗೆ ನನ್ನ ತಲೆ ಬಾಚಿ ಜಡೆ ಹಾಕಿದವರು ಅವರು. ನಾನು ನಲವತ್ತು ದಾಟಿದವಳು. ಅಷ್ಟು ವರ್ಷದ ಮೇಲೆ ಒಬ್ಬರ ಮುಂದೆ ಕೂತು ಜಡೆ ಹಾಕಿಸಿಕೊಳ್ಳುವಾಗ ಕಣ್ಣು ತುಂಬಿ ಬರುತ್ತದೆ, ಅಲ್ವಾ? ಅವರಿಗೆ ಅದು ತಿಳಿಯುತ್ತಿತ್ತು. ಏನೂ ಹೇಳುತ್ತಿರಲಿಲ್ಲ. ಬಾಚಣಿಗೆ ಸ್ವಲ್ಪ ನಿಧಾನ ಆಗುತ್ತಿತ್ತು ಅಷ್ಟೇ.

ಫಿಸಿಯೋಥೆರಪಿಯ ಹುಡುಗಿ ಗೋಡೆಯ ಮೇಲೆ ಬೆರಳು ನಡೆಸುವ ಅಭ್ಯಾಸ ಹೇಳಿಕೊಟ್ಟಿದ್ದಳು. ಬೆರಳು ಎಲ್ಲಿವರೆಗೆ ಏರಿತೋ ಅಲ್ಲಿ ಅತ್ತೆ ಪೆನ್ಸಿಲ್ಲಿನಿಂದ ಗೆರೆ ಎಳೆದು ತಾರೀಖು ಬರೆಯುತ್ತಿದ್ದರು. ಮೊದಲ ಗೆರೆ ನನ್ನ ಸೊಂಟದ ಎತ್ತರಕ್ಕಿದೆ. ಕೊನೆಯದು ಬಾಗಿಲ ಪಟ್ಟಿಯ ಹತ್ತಿರ. ಈ ಸಲ ದೀಪಾವಳಿಗೆ ಮನೆಗೆಲ್ಲ ಸುಣ್ಣ ಬಣ್ಣ ಆಯಿತು. ಆ ಗೋಡೆಯನ್ನು ಮಾತ್ರ ಮುಟ್ಟಬೇಡಿ ಅಂತ ಪೇಂಟರಿಗೆ ಹೇಳಿದವರೂ ಅವರೇ. ಅತ್ತೆ, ನಿಮಗೆ ಎದುರಿಗೆ ಹೇಳಲು ಬಾಯಿ ಬರಲಿಲ್ಲ. ಇಲ್ಲಿ ಹೇಳುತ್ತಿದ್ದೇನೆ.

ಭುಜ ಸಡಿಲ ಆಗಲು ಈಜಬೇಕು ಅಂದಾಗ ಕಾರವಾರದ ಗೆಳತಿ ಕರೆದಳು. ಅವಳು ಟ್ರಯಾಥ್ಲಾನ್ ಮಾಡುವವಳು. ಗೋವಾದ ಅರ್ಧ ಐರನ್‌ಮ್ಯಾನ್ ಸ್ಪರ್ಧೆ ಮುಗಿಸಿದ್ದಾಳೆ. 1.9 ಕಿಲೋಮೀಟರ್ ಈಜು, 90 ಕಿಲೋಮೀಟರ್ ಸೈಕಲ್, ಮೇಲೆ 21.1 ಕಿಲೋಮೀಟರ್ ಓಟ. ಜೂನ್, ಜುಲೈಯಲ್ಲಿ ನಮ್ಮ ಕಡಲಿಗೆ ಇಳಿಯುವ ಹಾಗಿಲ್ಲ. ಆ 61 ದಿನ ಯಾಂತ್ರಿಕ ದೋಣಿಗಳೂ ಮೀನಿಗೆ ಹೋಗುವುದಿಲ್ಲ. ನವೆಂಬರಿನ ಹೊತ್ತಿಗೆ ನೀರು ತಣ್ಣಗೆ ಮಲಗಿತ್ತು. ಟ್ಯಾಗೋರ್ ಕಡಲತೀರದಲ್ಲಿ ಬೆಳಿಗ್ಗೆ ಆರೂವರೆಗೆ ಸೊಂಟದ ಮಟ್ಟದ ನೀರಿನಲ್ಲಿ ನನ್ನನ್ನು ಅಂಗಾತ ಮಲಗಿಸಿ, ಬೆನ್ನ ಕೆಳಗೆ ಕೈ ಹಿಡಿದು ನಿಂತಳು. ಅವಳ ಪ್ರಾಕ್ಟೀಸ್ ಬಿಟ್ಟು. ಎಂಟು ಶನಿವಾರ. ಪಾತಿ ದೋಣಿಯ ಒಬ್ಬ ಅಜ್ಜ ನಮ್ಮನ್ನು ಪ್ರತಿ ಸಲ ನೋಡುತ್ತಿದ್ದವರು, ಒಂದು ದಿನ ಬಲೆ ಬಿಡುವುದನ್ನು ನಿಲ್ಲಿಸಿ "ಕೈ ಈಗ ನೆಟ್ಟಗಾಯ್ತಲ್ಲ ತಂಗಿ" ಅಂದರು. ಡಾಕ್ಟರ್ ಹೇಳಿದ್ದಕ್ಕಿಂತ ಆ ಮಾತನ್ನು ನಾನು ಜಾಸ್ತಿ ನಂಬಿದೆ.

ಶಿರಸಿಯ ಸೈಕಲ್ ಅಂಗಡಿಯ ಅಣ್ಣನಿಗೂ ಒಂದು ಮಾತು. ಬಿದ್ದಾಗ ಹಿಂದಿನ ಗೇರನ್ನು ಸೈಕಲ್ಲಿಗೆ ಹಿಡಿದಿಡುವ ಹ್ಯಾಂಗರ್ ಬಾಗಿತ್ತು. ಸಣ್ಣ ತುಂಡು, ಆದರೆ ಒಂದೊಂದು ಸೈಕಲ್ಲಿಗೆ ಒಂದೊಂದು ಥರದ್ದು, ಸುಲಭಕ್ಕೆ ಸಿಗುವುದಿಲ್ಲ. ಹುಡುಕಿ ತರಿಸಿದರು. ಐದು ತಿಂಗಳು ಸೈಕಲ್ಲನ್ನು ಮಾಡಿಗೆ ತೂಗುಹಾಕಿ, ಚೈನಿಗೆ ತುಕ್ಕು ಹಿಡಿಯದ ಹಾಗೆ ಎಣ್ಣೆ ಬಿಡುತ್ತಿದ್ದರಂತೆ. "ಕೈ ಸರಿಯಾದ ಮೇಲೆ ಬನ್ನಿ ಅಕ್ಕ, ಸೈಕಲ್ ಎಲ್ಲೂ ಹೋಗೂದಿಲ್ಲ" ಅನ್ನುತ್ತಿದ್ದರು.

ಈಗ ಈ 600ರ ವಿಷಯ. ಹುಬ್ಬಳ್ಳಿಯಿಂದ ಯಲ್ಲಾಪುರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ, ಕುಂದಾಪುರ ದಾಟಿ ತಿರುಗಿ ಅದೇ ದಾರಿಯಲ್ಲಿ ವಾಪಸ್. ಇದು ರೇಸ್ ಅಲ್ಲ. ಮೊದಲನೆಯವರು, ಕೊನೆಯವರು ಅಂತ ಇಲ್ಲ. ಗಡುವಿನೊಳಗೆ ಬಂದರೆ ಆಯಿತು. ಹಿಂದೆ ನಮ್ಮದೇ ಕಾರು ಬರುವ ಹಾಗಿಲ್ಲ. ಟ್ಯೂಬು, ಪಂಪು, ದೀಪ, ಊಟ ಎಲ್ಲ ನಾವೇ ನೋಡಿಕೊಳ್ಳಬೇಕು. ಆದರೆ ಜೊತೆಯ ಸವಾರರು ಒಬ್ಬರಿಗೊಬ್ಬರು ಸಹಾಯ ಮಾಡಬಹುದು. ಹೋಗಿ ಬಂದದ್ದಕ್ಕೆ ಸಾಕ್ಷಿ ಬೇಕು. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಎಟಿಎಮ್ಮಿನ ಚೀಟಿಯೇ ನಮ್ಮ ಸಾಕ್ಷಿ. ಹಾಗೆ ಭಟ್ಕಳದಲ್ಲಿ ನೂರು ರೂಪಾಯಿ ತೆಗೆದ ಚೀಟಿಯನ್ನು ಜೋಪಾನ ಮಾಡಿಟ್ಟುಕೊಂಡಿದ್ದೇನೆ. ಕೊನೆಗೆ ಈ ಸವಾರಿಗೆ ಒಪ್ಪಿಗೆಯ ನಂಬರ್ ಕೊಡುವವರು ಪ್ಯಾರಿಸ್ಸಿನ ಆಡಾಕ್ಸ್ ಕ್ಲಬ್ ಪ್ಯಾರಿಸಿಯನ್.

ನನ್ನ ಜೊತೆಗಿದ್ದವರು ಅಂಕೋಲಾದ ಮಾಸ್ತರು. ರಿಟೈರ್ ಆದವರು. ನನಗಿಂತ ಚೆನ್ನಾಗಿ ತುಳಿಯುತ್ತಾರೆ. ಬೇಕಿದ್ದರೆ ಎರಡು ಮೂರು ಗಂಟೆ ಮೊದಲೇ ಹುಬ್ಬಳ್ಳಿ ಮುಟ್ಟುತ್ತಿದ್ದರು. ಕತ್ತಲಾದ ಮೇಲೆ ಅವರು ನನ್ನ ಹಿಂದೆಯೇ ಉಳಿದರು. ಅವರ ದೀಪದ ಬೆಳಕು ನನ್ನ ಮುಂದಿನ ರಸ್ತೆಗೂ ಬೀಳುತ್ತಿತ್ತು. ಯಾಕೆ ಅಂತ ನಾನು ಕೇಳಲಿಲ್ಲ, ಅವರು ಹೇಳಲೂ ಇಲ್ಲ. ನಿದ್ದೆ ಬಾರದಿರಲಿ ಅಂತ ಯಕ್ಷಗಾನದ ಪದ್ಯ ಗುನುಗುತ್ತಿದ್ದರು. ವಾಪಸ್ ಬರುವಾಗ ಬೈಂದೂರಿನ ಹತ್ತಿರ ರಾತ್ರಿ ಎರಡರ ಸುಮಾರಿಗೆ, ದೂರದ ಗದ್ದೆಯ ಕಡೆಯಿಂದ ನಿಜವಾದ ಚಂಡೆಯೇ ಕೇಳಿಸಿತು. ಎಲ್ಲೋ ಬಯಲಾಟ. ಇಬ್ಬರೂ ತುಳಿಯುವುದು ನಿಲ್ಲಿಸಿ ಸೈಕಲ್ಲನ್ನು ಸುಮ್ನೆ ಉರುಳಲು ಬಿಟ್ಟೆವು. ಇಡೀ ಹೆದ್ದಾರಿಯಲ್ಲಿ ನಾವಿಬ್ಬರೇ ಎಚ್ಚರ ಅಂದುಕೊಂಡಿದ್ದೆ. ಅಲ್ಲಿ ಊರಿಗೆ ಊರೇ ಎದ್ದು ಕೂತಿತ್ತು.

ಭಟ್ಕಳ ದಾಟಿದ ಮೇಲೆ ನನಗೆ ಕಣ್ಣು ಬಿಡಲು ಆಗಲಿಲ್ಲ. ರಸ್ತೆಯ ಬಿಳಿ ಪಟ್ಟಿ ಎರಡೆರಡಾಗಿ ಕಾಣಿಸಿತು. ಮಾಸ್ತರು ಒಂದು ಬಸ್ ತಂಗುದಾಣದ ಮುಂದೆ ನಿಲ್ಲಿಸಿದರು. "ಇಪ್ಪತ್ತು ನಿಮಿಷ ಮಲಗಿ. ನಾನು ಕೂತಿರ್ತೇನೆ" ಅಂದರು. ಕಲ್ಲುಬೆಂಚಿನ ಮೇಲೆ ಹೆಲ್ಮೆಟ್ಟನ್ನೇ ದಿಂಬು ಮಾಡಿ ಮಲಗಿದೆ. ಒಬ್ಬ ಹೆಂಗಸು ಹೆದ್ದಾರಿಯ ಬದಿಯಲ್ಲಿ, ಬೆಳಗಿನ ಜಾವದಲ್ಲಿ ಭಯವಿಲ್ಲದೆ ನಿದ್ದೆ ಮಾಡುವುದು ಎಂತಹ ದೊಡ್ಡ ವಿಷಯ ಅಂತ ಹೆಂಗಸರಿಗೆ ಗೊತ್ತು. ಎದ್ದಾಗ ಮಾಸ್ತರು ಕೂತಿರಲಿಲ್ಲ, ನಿಂತಿದ್ದರು. ಕೂತರೆ ನಿದ್ದೆ ಹತ್ತೀತು ಅಂತ.

ಆ ಇಪ್ಪತ್ತು ನಿಮಿಷ ಶಿರಸಿಯಲ್ಲಿ ನಮ್ಮನೆಯವರೂ ನಿಂತೇ ಇದ್ದರಂತೆ. ಫೋನಿನಲ್ಲಿ ನನ್ನ ಲೊಕೇಶನ್ ನೋಡುತ್ತಿದ್ದರು. ಚುಕ್ಕೆ ನಿಂತಿತು. ಕರೆ ಮಾಡಿದರೆ ಗಾಬರಿ ಆಗುತ್ತೇನೆ ಅಂತ ಮಾಡಲಿಲ್ಲ. ಅಂಗಳದಲ್ಲಿ ಆಚೆ ಈಚೆ ನಡೆದರು. ಚುಕ್ಕೆ ಮತ್ತೆ ಸರಿದ ಮೇಲೆ ಒಳಗೆ ಹೋಗಿ ಅತ್ತೆಗೆ "ಹೊರಟಳು" ಅಂದರು. ಅತ್ತೆಯೂ ಮಲಗಿರಲಿಲ್ಲ.

ಮುರ್ಡೇಶ್ವರದ ಕ್ರಾಸಿನಿಂದ ಸ್ವಲ್ಪ ಮುಂದೆ ಒಂದು ಚಹಾ ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು. ಐದಕ್ಕೆ ಹತ್ತು ನಿಮಿಷ ಇತ್ತು. ಒಲೆ ಆಗಷ್ಟೇ ಹೊತ್ತಿಸಿದ್ದರು. "ಎಂತದು ತಂಗಿ, ಈ ಹೊತ್ತಲ್ಲಿ ಸೈಕಲ್ಲಾ? ಬಾ, ಒಳಗೆ ಬಾ. ಚಳಿ ಉಂಟು" ಅಂದರು ಅಂಗಡಿಯ ಅಕ್ಕ. ಹಾಲು ಇನ್ನೂ ಬಂದಿರಲಿಲ್ಲ. ಶುಂಠಿ, ಬೆಲ್ಲ ಹಾಕಿ ಕಷಾಯ ಮಾಡಿದರು. ತಮಗೆ ಅಂತ ಇಟ್ಟುಕೊಂಡ ಗಂಜಿಯನ್ನು ಎರಡು ಪಾಲು ಮಾಡಿ, ಒಂದೊಂದು ಮಿಡಿ ಉಪ್ಪಿನಕಾಯಿ ಹಾಕಿ ಕೊಟ್ಟರು. 22 ಗಂಟೆ ಬಾಳೆಹಣ್ಣು, ಚಿಕ್ಕಿ, ಓಆರ್‌ಎಸ್ ನೀರಿನಲ್ಲಿ ಕಳೆದ ಹೊಟ್ಟೆಗೆ ಬಿಸಿ ಗಂಜಿ ಬಿದ್ದಾಗ ಮೈಗೆಲ್ಲ ಜೀವ ಬಂತು. ದುಡ್ಡು ಬೇಡ ಅಂದರು. ಆಮೇಲೆ ಏನೋ ನೆನಪಾಗಿ "ಬೋಣಿ ನಿನ್ನ ಕೈಯಿಂದಲೇ ಆಗಲಿ, ಹತ್ತು ರೂಪಾಯಿ ಕೊಡು" ಅಂದರು. ಕೊಟ್ಟ ನೋಟನ್ನು ಕಣ್ಣಿಗೆ ಒತ್ತಿಕೊಂಡು ಡಬ್ಬಿಗೆ ಹಾಕಿದರು.

ಶರಾವತಿ ಸೇತುವೆಯ ಮೇಲೆ ಬೆಳಗಾಯಿತು. ಕುಮಟಾ ಆಯಿತು. ಹತ್ತು ಗಂಟೆಗೆ ಶಿರೂರು. ಅಂಕೋಲಾಕ್ಕೆ ಮೊದಲು, ಗಂಗಾವಳಿ ನದಿಯ ಪಕ್ಕದ ಆ ಜಾಗದಲ್ಲಿ ನಾವು ಸೈಕಲ್ಲಿನಿಂದ ಇಳಿದೆವು. 2024ರ ಜುಲೈ 16ರ ಬೆಳಿಗ್ಗೆ ಗುಡ್ಡ ಕುಸಿದು ಬಿದ್ದದ್ದು ಅಲ್ಲೇ. ರಸ್ತೆ ಬದಿಯ ಚಹಾ ಅಂಗಡಿ, ಅದನ್ನು ನಡೆಸುತ್ತಿದ್ದ ಮನೆಯವರು, ಲಾರಿ ನಿಲ್ಲಿಸಿದ್ದ ಚಾಲಕರು, ಎಲ್ಲರನ್ನೂ ಮಣ್ಣು, ನೀರು ಎಳೆದುಕೊಂಡವು. ಐದು ಗಂಟೆ ಹಿಂದೆ ಅಂಥದೇ ಒಂದು ಅಂಗಡಿಯಲ್ಲಿ ನಾನು ಗಂಜಿ ಕುಡಿದು ಬಂದಿದ್ದೆ. ಮಾಸ್ತರು ಹೆಲ್ಮೆಟ್ ತೆಗೆದರು. ನಾನೂ ತೆಗೆದೆ. ಗಡಿಯಾರ ನೋಡಲಿಲ್ಲ.

ಅಂಕೋಲಾದಿಂದ ಯಲ್ಲಾಪುರ ಸುಮಾರು 70 ಕಿಲೋಮೀಟರ್. ಕಡಲ ಮಟ್ಟದಿಂದ 500 ಮೀಟರಿಗಿಂತ ಮೇಲಕ್ಕೆ ಏರಬೇಕು. ಅದೂ ಫೆಬ್ರವರಿಯ ಮಧ್ಯಾಹ್ನ. ಅತ್ತೆ ಕಟ್ಟಿಕೊಟ್ಟ ಮುರುಗಲ ಹಣ್ಣಿನ ರಸಕ್ಕೆ ಉಪ್ಪು, ನೀರು ಸೇರಿಸಿ ಕುಡಿಯುತ್ತಾ ಗುಳ್ಳಾಪುರದವರೆಗೆ ಬಂದೆ. ಅರಬೈಲು ಘಟ್ಟದಲ್ಲಿ ಬಾಟಲಿ ಖಾಲಿ. ಟೈರ್ ಬದಲಿಸುತ್ತಿದ್ದ ಒಂದು ಲಾರಿಯ ಕ್ಲೀನರ್ ಹುಡುಗ ಕ್ಯಾನ್ ಎತ್ತಿ ನನ್ನ ತಲೆಯ ಮೇಲೆ ನೀರು ಹೊಯ್ದ. ಅವನ ಭಾಷೆ ನನಗೆ ತಿಳಿಯಲಿಲ್ಲ. ಬಾಟಲಿಗಳನ್ನೂ ತುಂಬಿಸಿಕೊಟ್ಟ. ಅದರ ಮುಂದೆ ಹುಬ್ಬಳ್ಳಿ ತನಕ ಹೇಳುವಂಥದ್ದು ಜಾಸ್ತಿ ಇಲ್ಲ. ತುಳಿದೆವು, ಅಷ್ಟೇ.

ನಿನ್ನೆ ಕಪಾಟಿನಿಂದ ಆ ಶಾಲು ತೆಗೆದೆ. ತೊಳೆದು, ಇಸ್ತ್ರಿ ಮಾಡಿ ಇಟ್ಟಿದ್ದು. ಗಿಳಿಹಸಿರು ಬಣ್ಣ, ಅಂಚಿಗೆ ಕಂದು ಗೆರೆ. ಒಂದು ಮೂಲೆ ಹರಿದದ್ದನ್ನು ಬಿಳಿ ದಾರದಲ್ಲಿ ಹೊಲಿದಿದ್ದಾರೆ. ಅದು ನಾನು ಹೊಲಿದದ್ದಲ್ಲ, ಅವರದೇ ಹೊಲಿಗೆ. ಎರಡು ಸಲ ರಾಗಿಹೊಸಳ್ಳಿಗೆ ಹೋಗಿ ವಿಚಾರಿಸಿದೆ, ಗೊತ್ತಾಗಲಿಲ್ಲ. ಅವರ ಮನೆ ಅಲ್ಲೇ ಇದೆಯೋ, ಅಲ್ಲಿಂದ ಒಳಗಿನ ಊರೋ ತಿಳಿಯದು. ಮಗ ಕೊನೆ ಕೊಯ್ಯುವಾಗ ಅಡಿಕೆ ಮರದಿಂದ ಬಿದ್ದು ಕೈಗೆ ಪೆಟ್ಟು ಮಾಡಿಕೊಂಡಿದ್ದ. 2023ರ ಜುಲೈಯಲ್ಲಿ ಕೆಸುವಿನ ಸೊಪ್ಪಿನ ಚೀಲ ಹಿಡಿದು ಕುಮಟಾ ಬಸ್ಸಿನಲ್ಲಿ ಬಂದಿದ್ದರು. ಇಷ್ಟೇ ನನಗೆ ಗೊತ್ತಿರುವುದು.

ಯಾರಿಗಾದರೂ ಅವರ ಗುರುತು ಸಿಕ್ಕಿದರೆ ಒಂದು ಮಾತು ತಿಳಿಸಿ. ಎಲುಬು ಕೂಡಿದೆ, ಶಾಲು ತರುತ್ತಾ ಇದ್ದಾಳೆ ಅಂತ ಅವರಿಗೆ ಹೇಳಿ. ಘಟ್ಟದ ದಾರಿಯಲ್ಲಿ ಸೈಕಲ್ಲಿನಲ್ಲೇ ಬರುತ್ತೇನೆ.