ಗೆಳೆಯನಿಗೊಂದು ಪತ್ರ: ತಗೊಳ್ಳುದಿಲ್ಲಾಂದ್ರೆ ರೇಟು ಕೇಳ್ಬೇಡ

ಮಾರಾಯ,

ಈ ಪತ್ರ ಸ್ವಲ್ಪ ಉದ್ದ ಉಂಟು, ಆದ್ರೂ ಕೊನೆವರೆಗೆ ಓದು, ಮಧ್ಯದಲ್ಲಿ ಬಿಡ್ಬೇಡ. ನಾವಿಬ್ರು ಮಾತಾಡುದು ತುಳುವಲ್ಲೇ ಆದ್ರೂ ಬರೀಲಿಕ್ಕೆ ಕೂತ್ರೆ ಶಾಲೆಯಲ್ಲಿ ಕಲ್ತ ಕನ್ನಡವೇ ಬರುದು. ಇಲ್ಲಿ ಜೆರುಸಲೇಮಲ್ಲಿ ಈಗ ಬೆಳಿಗ್ಗೆ ಆರೂಕಾಲು, ನಾನು ನೋಡ್ಕೊಳ್ಳುವ ಯಹೂದಿ ಅಜ್ಜನನ್ನ ವೀಲ್‌ಚೇರಲ್ಲಿ ಸಿನಗಾಗ್‌ಗೆ, ಅಂದ್ರೆ ಅವರ ಪ್ರಾರ್ಥನಾ ಮಂದಿರಕ್ಕೆ, ಕರ್ಕೊಂಡು ಹೋಗಿ ಈಗಷ್ಟೇ ವಾಪಸ್ ಬಂದದ್ದು. ಅವರ ಕ್ಯಾಲೆಂಡರಲ್ಲಿ ಇದು ಎಲುಲ್ ತಿಂಗಳು, ಹೊಸ ವರ್ಷದ ಹಿಂದಿನ ತಿಂಗಳು. ಈ ಅಜ್ಜ ಮೊರಾಕ್ಕೊದಲ್ಲಿ ಹುಟ್ಟಿದವರು, ಆ ಕಡೆಯವರು ಈ ತಿಂಗಳು ಪೂರ್ತಿ ಬೆಳಕು ಹರಿಯುವ ಮೊದ್ಲೇ ಎದ್ದು ಸ್ಲಿಖೋತ್ ಅಂತ ಕ್ಷಮೆ ಕೇಳುವ ಪ್ರಾರ್ಥನೆ ಹೇಳ್ತಾರೆ. ನಾಲ್ಕು ಗಂಟೆಗೆ ಬೀದಿಯಲ್ಲಿ ನಾವಿಬ್ರು ಮತ್ತೆ ಬೆಕ್ಕುಗಳು ಮಾತ್ರ.

ನೀನೊಮ್ಮೆ ಕೇಳಿದ್ದಿ, ಈ ಯಹೂದಿಗಳು ಧರ್ಮದ 613 ಕಟ್ಟಳೆ ಇಟ್ಕೊಂಡು ಹೇಗೆ ಬದುಕ್ತಾರೆ ಮಾರಾಯ, ಉಸಿರು ಕಟ್ಟುದಿಲ್ವಾ ಅಂತ. ಆಗ ನಂಗೆ ಉತ್ತರ ಗೊತ್ತಿರ್ಲಿಲ್ಲ. ಇಗರ್ಜಿಯ ದೊತೊರ್ನ್ ಕ್ಲಾಸಲ್ಲಿ, ಅಂದ್ರೆ ಧರ್ಮಪಾಠದಲ್ಲಿ, ನಮಗೆ ಬಾಯಿಪಾಠ ಮಾಡಿಸಿದ್ದು ಹತ್ತೇ, ಇವರಿಗೆ ಮಾಡ್ಬೇಕಾದ್ದು 248, ಮಾಡ್ಬಾರದ್ದು 365. ಅದ್ರಲ್ಲಿ ಸುಮಾರು ಕಟ್ಟಳೆ ಇಲ್ಲಿಯ ಹಳೇ ದೇವಾಲಯದ ಬಲಿಪೂಜೆಗೆ ಸಂಬಂಧಪಟ್ಟದ್ದು, ಆ ದೇವಾಲಯವನ್ನ ರೋಮನ್ನರು ಕ್ರಿ.ಶ. 70ರಲ್ಲೇ ಸುಟ್ಟಾಯ್ತು, ಹಾಗಾಗಿ ಈಗ ನಡೆಸ್ಲಿಕ್ಕೆ ಆಗುವಂಥದ್ದು ಅದಕ್ಕಿಂತ ಎಷ್ಟೋ ಕಮ್ಮಿ. ಬಂದ ಹೊಸತರಲ್ಲಿ ನಂಗೆ ಕಾಣ್ತಿದ್ದದ್ದು ಅಡಿಗೆಮನೆ ಮಾತ್ರ, ಹಾಲಿಗೆ ಬೇರೆ ಪಾತ್ರೆ, ಮಾಂಸಕ್ಕೆ ಬೇರೆ ಪಾತ್ರೆ, ಚಮಚ ಅದಲು ಬದಲಾದ್ರೆ ಆಯ್ತು ಕಥೆ. ಧರ್ಮ ಅಂದ್ರೆ ಇವರಿಗೆ ಇದೇನಾ ಅಂತ ಅನಿಸ್ತಿತ್ತು, ಸುಳ್ಳು ಹೇಳುದಿಲ್ಲ.

ಆ ಯೋಚನೆ ಮೊದಲು ಅಲುಗಾಡಿದ್ದು ಒಂದು ಶುಕ್ರವಾರ. ಇಲ್ಲಿ ಶುಕ್ರವಾರ ಸೂರ್ಯ ಮುಳುಗ್ಲಿಕ್ಕೆ 40 ನಿಮಿಷ ಇರುವಾಗ ಊರಿಗೆಲ್ಲ ಕೇಳುವ ಹಾಗೆ ಸೈರನ್ ಆಗ್ತದೆ, ಶಬ್ಬಾತ್ ಅಂದ್ರೆ ಅವರ ವಾರದ ವಿಶ್ರಾಂತಿ ದಿನ, ಅದರ ದೀಪ ಹಚ್ಚುವ ಹೊತ್ತು. ಅಜ್ಜಿ ತೀರಿಹೋದ ಮೇಲೆ ಅಜ್ಜನೇ ಕೈ ನಡುಗ್ತಾ ಹಚ್ಚುದು, ಹಚ್ಚುವ ಮೊದಲು ಅಡಿಗೆಮನೆಯ ತಗಡಿನ ಡಬ್ಬಿಗೆ ಒಂದು ನಾಣ್ಯ ಹಾಕ್ತಾರೆ. ಆಮೇಲೆ ಮಾರನೇ ದಿನ ಆಕಾಶದಲ್ಲಿ ಮೂರು ನಕ್ಷತ್ರ ಕಾಣುವವರೆಗೆ ಸ್ವಿಚ್ ಮುಟ್ಟುದಿಲ್ಲ, ಒಲೆ ಹಚ್ಚುದಿಲ್ಲ, ಬರೆಯುದಿಲ್ಲ. ಆ ದಿನ ಲೈಟಿನ ಟೈಮರ್ ಹಾಳಾಗಿ ಚಾವಡಿಯಲ್ಲಿ ಲೈಟ್ ಆಫ್ ಆಯ್ತು, ನಾನು ಯಹೂದಿ ಅಲ್ವಲ್ಲ, ನಾನು ಹಾಕ್ತೇನೆ ಅಂತ ಎದ್ದೆ. ಅಜ್ಜ ಕೈ ಹಿಡಿದು ಕೂರಿಸಿದ್ರು. ನನ್ನ ಕೆಲಸವನ್ನ ನಿನ್ನತ್ರ ಮಾಡಿಸಿದ್ರೆ ಅದು ರಜೆಯಾ ಅಂತ ಕೇಳಿ, ಹತ್ತು ಕಟ್ಟಳೆಯಲ್ಲಿ ಶಬ್ಬಾತಿನ ಮಾತನ್ನ ಪೂರ್ತಿ ಹೇಳಿದ್ರು: ನೀನು, ನಿನ್ನ ಮಗ, ಮಗಳು, ಆಳು, ಎತ್ತು, ಕತ್ತೆ, ನಿನ್ನ ಊರೊಳಗೆ ಇರುವ ಪರದೇಶಿ, ಎಲ್ಲರಿಗೂ ವಿಶ್ರಾಂತಿ. ಹತ್ತು ವರ್ಷ ಪ್ರಾಯದಲ್ಲಿ ನಾನೇ ಬಾಯಿಪಾಠ ಹೇಳಿದ ಕಟ್ಟಳೆ ಮಾರಾಯ, ಆದ್ರೆ ಅದ್ರೊಳಗೆ ಒಬ್ಬ ಪರದೇಶಿ ಇದ್ದಾನೆ, ಅದು ಒಂದು ದಿನ ನಾನೇ ಆಗ್ತೇನೆ ಅಂತ ಯಾರಿಗೆ ಗೊತ್ತಿತ್ತು. ಅಜ್ಜನ ಮದ್ದಿಗೆ, ಬಿಪಿ ನೋಡ್ಲಿಕ್ಕೆ ಅಡ್ಡಿ ಇಲ್ಲ, ಜೀವದ ಪ್ರಶ್ನೆ ಬಂದ್ರೆ ಶಬ್ಬಾತ್ ಮುರಿಯುದು ಬರೀ ಪರವಾಗಿಲ್ಲ ಅಂತಲ್ಲ, ಮುರಿಯಲೇಬೇಕು. ಆ ರಾತ್ರಿ ನಾವಿಬ್ರು ಕತ್ತಲೆಯಲ್ಲೇ ಕೂತು ಊಟ ಮಾಡಿದ್ದು.

ಕೂಲಿಯ ವಿಷಯವೂ ಹಾಗೇ. ಪೈಪ್ ರಿಪೇರಿಗೆ ಬಂದವ ನಾಳೆ ಕೊಡಿ ಪರವಾಗಿಲ್ಲ ಅಂದ್ರೂ ಅಜ್ಜ ಬಿಡುದಿಲ್ಲ, ನನ್ನನ್ನ ಎಟಿಎಂಗೆ ಓಡಿಸ್ತಾರೆ. ದಿನದ ಕೂಲಿ ಸೂರ್ಯ ಮುಳುಗುವ ಮೊದಲು ಕೈಗೆ ಸೇರ್ಬೇಕು, ಅವನು ಬಡವ, ಅದರ ಮೇಲೇ ಜೀವ ಇಟ್ಕೊಂಡಿದ್ದಾನೆ ಅಂತ ಅವರ ಧರ್ಮಗ್ರಂಥ ತೋರಾದಲ್ಲಿ ಬರೆದುಂಟು. ಅಡಿಕೆ ಸುಲಿದು ಮುಗಿಸಿ ಸಂಜೆ ಜಗಲಿಯಲ್ಲಿ ಕಾಯ್ತಾ ಕೂತಿರ್ತಿದ್ದ ನನ್ನ ಅಮ್ಮನ ನೆನಪಾಗಿ ನಂಗೆ ಗಂಟಲು ಕಟ್ಟಿತು. ತಗಡಿನ ಡಬ್ಬಿಗೆ ಹಾಕುದನ್ನ ಕೂಡ ಇವರು ದಾನ ಅಂತ ಹೇಳುದಿಲ್ಲ, ತ್ಸೆದಾಕಾ ಅಂತಾರೆ, ಆ ಶಬ್ದದ ಬೇರಲ್ಲಿರುವುದು ನ್ಯಾಯ. ಮೈಮೊನಿಡೀಸ್ ಅಂತ ಒಬ್ಬ ದೊಡ್ಡ ವಿದ್ವಾಂಸರು ಕೊಡುದರಲ್ಲಿ ಎಂಟು ಮೆಟ್ಟಿಲು ಅಂತ ಬರೆದಿಟ್ಟಿದ್ದಾರೆ, ಮೇಲಿನ ಮೆಟ್ಟಿಲು ಯಾವುದು ಗೊತ್ತುಂಟಾ, ಸಾಲವೋ ಕೆಲಸವೋ ಕೊಟ್ಟು ಅವನು ಇನ್ನೊಬ್ಬರ ಎದುರು ಕೈ ಚಾಚದ ಹಾಗೆ ಮಾಡುದು.

ಅದೇ ಮೈಮೊನಿಡೀಸ್ ಇದ್ದದ್ದು ಈಜಿಪ್ಟಿನ ಫುಸ್ತಾತಲ್ಲಿ, ಈಗಿನ ಕೈರೋದ ಹಳೇ ಭಾಗ, ಮತ್ತೆ ಅಲ್ಲಿಂದ ನಮ್ಮ ಮಂಗಳೂರಿಗೆ ಒಂದು ದಾರಿ ಉಂಟು ಅಂದ್ರೆ ನೀನು ನಂಬುದಿಲ್ಲ. ಒಂದು ದಿನ ಹರಿದ ಪ್ರಾರ್ಥನೆ ಪುಸ್ತಕದ ಹಾಳೆಯನ್ನ ನಾನು ಕಸದ ಬುಟ್ಟಿಗೆ ಹಾಕ್ಲಿಕ್ಕೆ ಹೋದೆ, ಅಜ್ಜ ಬೊಬ್ಬೆ ಹಾಕಿದ್ರು. ದೇವರ ಹೆಸರಿರುವ ಕಾಗದ ಬಿಸಾಡ್ಲಿಕ್ಕಿಲ್ಲ, ಗೆನೀಜಾ ಅಂತ ಬೇರೆ ಜಾಗದಲ್ಲಿ ಇಡ್ಬೇಕು. ಆಮೇಲೆ ಅಜ್ಜನೇ ಹೇಳಿದ್ದು, ಫುಸ್ತಾತಿನ ಬೆನ್ ಎಜ್ರಾ ಸಿನಗಾಗ್‌ನವರು ನೂರಾರು ವರ್ಷ ಎಂಥ ಕಾಗದವನ್ನೂ ಬಿಸಾಡದೆ ಒಂದು ಕೋಣೆಗೆ ತುಂಬಿಸಿದ್ರಂತೆ, ಅದ್ರಲ್ಲಿ ಅಬ್ರಹಾಂ ಬೆನ್ ಯಿಜು ಅನ್ನುವ ವ್ಯಾಪಾರಿಯ ಪತ್ರಗಳು ಸಿಕ್ಕಿದ್ವು. ಅವನು 1132ರ ಹೊತ್ತಿಗೆ ಮಂಗಳೂರಲ್ಲಿದ್ದ, ಅಲ್ಲಿ ಕಂಚಿನ ಪಾತ್ರೆಯ ಕಾರ್ಖಾನೆ ಇಟ್ಟಿದ್ದ, ಆಶು ಅನ್ನುವ ನಮ್ಮ ದೇಶದ ಹೆಂಗಸಿನ ಜೊತೆ ಸಂಸಾರ ಮಾಡಿದ್ದ, ಬೊಮ್ಮ ಅಂತ ಅವನ ಕೆಲಸದವನ ಹೆಸರು ಕೂಡ ಆ ಪತ್ರದಲ್ಲುಂಟು. ಕಾಗದ ಬಿಸಾಡ್ಬಾರ್ದು ಅನ್ನುವ ಇಷ್ಟು ಸಣ್ಣ ರೂಢಿಯಿಂದ ನಮ್ಮೂರಿನ ಒಬ್ಬ ಬೊಮ್ಮನ ಹೆಸರು ಸುಮಾರು ಒಂಬೈನೂರು ವರ್ಷ ಉಳೀತು. ನಾನು ಆ ದಿನ ಮಂಗಳೂರಿನವ ಅಂತ ಹೇಳುವಾಗ ಅಜ್ಜ ನನ್ನನ್ನ ಬೇರೆಯೇ ರೀತಿ ನೋಡಿದ್ರು.

ಇನ್ನು ನಾನು ಹೇಳ್ಲಿಕ್ಕೆ ಹೊರಟ ವಿಷಯ. ಮಹನೆ ಯೆಹೂದಾ ಅಂತ ಇಲ್ಲಿಯ ದೊಡ್ಡ ಮಾರ್ಕೆಟ್ ಉಂಟು, ನಂಗೆ ಅಲ್ಲಿ ಸುತ್ತುದು ಖುಷಿ, ತಗೊಳ್ಳುದು ಎರಡೇ ಐಟಂ ಆದ್ರೂ ಖರ್ಜೂರ ಎಷ್ಟು, ಪಿಸ್ತಾ ಎಷ್ಟು ಅಂತ ಹತ್ತು ಅಂಗಡಿಯಲ್ಲಿ ಕೇಳ್ತಾ ಹೋಗ್ತಿದ್ದೆ. ಅಜ್ಜ ವೀಲ್‌ಚೇರಿಂದಲೇ ನನ್ನ ಅಂಗಿ ಎಳೆದ್ರು. ತಗೊಳ್ಳುದಿಲ್ಲಾಂದ್ರೆ ರೇಟು ಕೇಳ್ಬೇಡ, ಅಂಗಡಿಯವನಿಗೆ ಒಂದು ಕ್ಷಣ ಆಸೆ ಹುಟ್ಟಿಸಿ ಕೊಂದ ಹಾಗೆ ಆಗ್ತದೆ. ಇದಕ್ಕೂ ಕಟ್ಟಳೆಯಾ ಅಂತ ಕೇಳಿದೆ. ಹೌದು, ವ್ಯಾಪಾರದಲ್ಲಿ ಮೋಸ ಮಾಡುದು ಹೇಗೆ ತಪ್ಪೋ ಮಾತಲ್ಲಿ ನೋಯಿಸುದೂ ತಪ್ಪೇ, ಮಿಶ್ನಾ ಅನ್ನುವ ನಮ್ಮ ಹಳೇ ಕಟ್ಟಳೆ ಪುಸ್ತಕದಲ್ಲಿ ಎರಡೂ ಒಟ್ಟಿಗೇ ಉಂಟು ಅಂದ್ರು, ಮನೆಗೆ ಬಂದು ಆ ಪುಸ್ತಕ ತೆಗೆಸಿ ಮುಂದಿನ ಸಾಲನ್ನೂ ಬಿಡಿಸಿ ಹೇಳಿದ್ರು. ರೇಟು ಕೇಳ್ಬೇಡ ಅನ್ನುವ ಸಾಲಿನ ಬೆನ್ನಿಗೇ ಇರುವ ಸಾಲು ಇದು: ಒಬ್ಬ ತನ್ನ ಹಳೇ ದಾರಿ ಬಿಟ್ಟು ತಿರುಗಿ ಬಂದಿದ್ರೆ, ನೀನು ಮೊದಲು ಹೇಗಿದ್ದಿ ನೆನಪುಂಟಾ ಅಂತ ಅವನಿಗೆ ಹೇಳ್ಬಾರ್ದು.

ನಾನು ಆ ಪುಸ್ತಕದ ಎದುರು ಸುಮಾರು ಹೊತ್ತು ಮಾತಿಲ್ಲದೆ ಕೂತೆ ಮಾರಾಯ. ಯಾಕೆ ಅಂತ ನಿಂಗೆ ಗೊತ್ತುಂಟು.

ಹೋದ ವರ್ಷ ರಜೆಯಲ್ಲಿ ಬಂದಾಗ, ನಿಮ್ಮ ಮನೆಯ ಒಕ್ಕಲಿನ ದಿನ, ನಿನ್ನ ಹೆಂಡತಿಯ ಕಡೆಯವರೆಲ್ಲ ಕೂತಿರುವಾಗ ನಾನು ನಮ್ಮ ಹಳೇ ಕಾಲದ ಒಂದು ಕಥೆ ಹೇಳಿದೆ. ಎಂತ ಕಥೆ ಅಂತ ಇಲ್ಲಿ ಬರೆಯುದಿಲ್ಲ, ಬರೆದ್ರೆ ಅದೇ ತಪ್ಪನ್ನ ಎರಡನೇ ಸಲ ಮಾಡಿದ ಹಾಗೆ. ಎಲ್ಲರೂ ನಗಾಡಿದ್ರು, ನೀನೂ ನಗಾಡಿದ ಹಾಗೆ ಮಾಡಿದಿ, ಆಮೇಲೆ ಪಾಯಸ ಬಡಿಸ್ಲಿಕ್ಕೆ ಅಂತ ಒಳಗೆ ಹೋದವ ಹೊರಗೆ ಬರ್ಲೇ ಇಲ್ಲ. ಹತ್ತು ಜನರ ಎದುರು ಒಬ್ಬನ ಮುಖ ಬೆಳ್ಳಗಾಗುವ ಹಾಗೆ ಮಾಡುದು ರಕ್ತ ಸುರಿಸಿದ್ದಕ್ಕೆ ಸಮ ಅಂತ ಇವರ ತಾಲ್ಮೂದಲ್ಲಿ, ಅಂದ್ರೆ ಮಿಶ್ನಾದ ಮೇಲೆ ಚರ್ಚೆ ಮಾಡಿ ಬರೆದ ಗ್ರಂಥದಲ್ಲಿ, ಉಂಟು, ನೋಡು, ಕೆಂಪು ಹೋಗ್ತದೆ ಬಿಳಿ ಬರ್ತದೆ ಅಂತ ಕಣ್ಣಾರೆ ಕಂಡವರ ಹಾಗೆ ಬರೆದಿದ್ದಾರೆ. ನಿನ್ನ ಮುಖ ನಾನು ಕಂಡಿದ್ದೆ. ಕಂಡೂ ಕಥೆ ನಿಲ್ಲಿಸ್ಲಿಲ್ಲ. ಅಷ್ಟು ವರ್ಷ ಒಬ್ಬನೇ ಕಷ್ಟಪಟ್ಟು ನೀನು ಕಟ್ಟಿದ್ದನ್ನ ನಾನು ಎರಡು ನಿಮಿಷದ ನಗುವಿಗೆ ಬಳಸಿದೆ.

ದೇವರತ್ರ ಕೇಳ್ಕೊಂಡ್ರೆ ಸಾಕಲ್ವಾ ಅಂತ ನಾನೂ ಅಂದ್ಕೊಂಡಿದ್ದೆ, ಇಗರ್ಜಿಯಲ್ಲಿ ಕುಂಪ್ಸಾರಕ್ಕೆ ಹೋಗಿ ಪಾದ್ರಿಯತ್ರ ತಪ್ಪು ಹೇಳಿಯೂ ಆಗಿತ್ತು. ಆದ್ರೆ ಮೊನ್ನೆ ಬೆಳಿಗ್ಗೆ ಸಿನಗಾಗ್‌ಗೆ ಹೊರಡುವ ಮೊದಲು, ಶೂ ಹಾಕಿಸ್ತಾ ಇದ್ದೆ, ಅಜ್ಜ ನನ್ನ ತಲೆ ಮೇಲೆ ಕೈ ಇಟ್ಟು, ಚಳಿಗಾಲದಲ್ಲಿ ಮದ್ದಿನ ವಿಷಯಕ್ಕೆ ನಿನ್ನ ಮೇಲೆ ಕೂಗಾಡಿದ್ದೆ, ನಿನ್ನನ್ನ ಕಳ್ಳ ಅಂದಿದ್ದೆ, ನನ್ನನ್ನ ಕ್ಷಮಿಸ್ತಿಯಾ ಅಂತ ಕೇಳಿದ್ರು. ಎಂಬತ್ತೆಂಟು ವರ್ಷದ ಜೀವ. ನಾನು ಮರ್ತಿದ್ದೇನೆ ಸಬಾ ಅಂದೆ, ಸಬಾ ಅಂದ್ರೆ ಅಜ್ಜ. ಮರ್ತದ್ದು ಬೇರೆ ಕ್ಷಮಿಸಿದ್ದು ಬೇರೆ, ಸರಿಯಾಗಿ ಹೇಳು ಅಂದ್ರು. ಆಗ ಗೊತ್ತಾಯ್ತು ನಾನು ಮರ್ತಿರ್ಲಿಲ್ಲ, ಆ ಶಬ್ದ ಮುಳ್ಳಿನ ಹಾಗೆ ಒಳಗೇ ಇತ್ತು. ಕ್ಷಮಿಸಿದ್ದೇನೆ ಅಂತ ಬಾಯಿ ಬಿಟ್ಟು ಹೇಳಿದ ಮೇಲೆ ಅದು ಹೋಯ್ತು. ಮನುಷ್ಯನಿಗೆ ಮಾಡಿದ ತಪ್ಪನ್ನ ಯೋಮ್ ಕಿಪ್ಪುರ್, ಅಂದ್ರೆ ಅವರ ಪ್ರಾಯಶ್ಚಿತ್ತದ ದಿನದ ಉಪವಾಸ ಕೂಡ ತೊಳೆಯುದಿಲ್ಲ, ಆ ಮನುಷ್ಯನ ಹತ್ರವೇ ಹೋಗಿ ಕೇಳ್ಬೇಕು, ಅದು ಅವರ ಲೆಕ್ಕ. ಒಳ್ಳೇದು ಮಾಡ್ಲಿಕ್ಕೆ ಮನಸ್ಸು ಬರಲಿ ಅಂತ ಕಾಯ್ತಾ ಕೂತ್ರೆ ನನ್ನಂಥವನಿಗೆ ಮನಸ್ಸು ಬರುದೇ ಇಲ್ಲ, ಇವರಿಗೆ ತಿಂಗಳು, ದಿನ, ಗಂಟೆ ಎಲ್ಲ ಗೊತ್ತು ಮಾಡಿಟ್ಟಿದ್ದಾರೆ. 613 ಎಂತಕ್ಕೆ ಅಂತ ನೀನು ಕೇಳಿದ್ದಕ್ಕೆ ನಂಗೆ ಸಿಕ್ಕಿದ ಉತ್ತರ ಇಷ್ಟೇ.

ಎಲ್ಲರಿಗೆ ಕಾಣುವ ಹಾಗೆ ಇದನ್ನ ಹಾಕ್ತಾ ಇರುದು ಯಾಕಂದ್ರೆ ನಾನು ತಪ್ಪು ಮಾಡಿದ್ದೂ ಎಲ್ಲರ ಎದುರೇ. ನಿನ್ನ ಹೆಸರು ಎಲ್ಲೂ ಹಾಕ್ಲಿಲ್ಲ. ಆ ದಿನ ಅಲ್ಲಿ ಕೂತಿದ್ದವರು ಓದಿದ್ರೆ ಅವರಿಗೆ ಗೊತ್ತಾಗ್ತದೆ, ಗೊತ್ತಾಗ್ಲಿ, ತಪ್ಪು ನಂದು.

ನನ್ನನ್ನ ಕ್ಷಮಿಸು ಮಾರಾಯ.

ನಾಳೆ ನಿಂಗೆ ರಾತ್ರಿ ಒಂಬತ್ತು ಗಂಟೆ ಆಗುವಾಗ ಇಲ್ಲಿ ಆರೂವರೆ, ಅಜ್ಜನಿಗೆ ಚಾ ಕೊಟ್ಟು ಫೋನ್ ಮಾಡ್ತೇನೆ. ನೀನು ತೆಗೀದೇ ಇದ್ರೆ ಬೇಜಾರಿಲ್ಲ, ನಾಡಿದ್ದು ಪುನಃ ಮಾಡ್ತೇನೆ. ಮೂರು ಸಲ ಕೇಳ್ಬೇಕಂತೆ.